ಗುಡ್ಡ ಜರಿದ ಊರಿಗೆ ಅಂಚೆಯಣ್ಣ ಬಂದ ದಿನ

2018ರ ಆಗಸ್ಟ್ ತಿಂಗಳ ಕೊನೆಯ ವಾರ. ಮಡಿಕೇರಿಯ ಪರಿಹಾರ ಕೇಂದ್ರವೊಂದರ ಜಗಲಿಯಲ್ಲಿ ಸಾಲಾಗಿ ಚಾಪೆ ಹಾಸಿ ಕುಳಿತವರ ನಡುವೆ ನಮ್ಮ ಅತ್ತಿಗೆಯ ತಾಯಿಯೂ ಇದ್ದರು. ಊರವರಿಗೆಲ್ಲ ಅವರು ಬಾಯಮ್ಮ. ಎಪ್ಪತ್ತು ದಾಟಿದ ವಿಧವೆ. ಮನೆಯ ಹಿಂದಿನ ಬರೆ ಕುಸಿದು ಅಡುಗೆಮನೆಯೊಳಗೆ ನುಗ್ಗಿದಾಗ ಉಟ್ಟ ಸೀರೆಯಲ್ಲಿ ಹೊರಗೆ ಓಡಿ ಬಂದವರು, ಮತ್ತೆ ಆ ಮನೆಯ ಹೊಸ್ತಿಲನ್ನು ತುಳಿಯಲಿಲ್ಲ. ತುಳಿಯಲು ಹೊಸ್ತಿಲೇ ಉಳಿದಿರಲಿಲ್ಲ.

ಕರಾವಳಿಯಿಂದ ಅವರನ್ನು ನೋಡಲು ಹೋಗುವುದೇ ಒಂದು ಸಾಹಸವಾಗಿತ್ತು. ಸಂಪಾಜೆ ಘಾಟಿಯ ಹೆದ್ದಾರಿ ಹಲವೆಡೆ ಕೊಚ್ಚಿಹೋಗಿತ್ತು. ಶಿರಾಡಿ ಮುಚ್ಚಿತ್ತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಿನ ರೈಲುಹಳಿಯ ಮೇಲೂ ಗುಡ್ಡ ಕುಳಿತಿತ್ತು. ಎರಡೂವರೆ ಮೂರು ಗಂಟೆಯ ದಾರಿಗೆ ನಾವು ಚಾರ್ಮಾಡಿ ಹತ್ತಿ, ಹಾಸನ, ಕುಶಾಲನಗರ ಸುತ್ತಿ ಇಡೀ ಹಗಲನ್ನು ಕಳೆದೆವು. ಹೊತ್ತೊಯ್ದ ಚೀಲದಲ್ಲಿ ಸೀರೆ, ಕಂಬಳಿ, ಒಂದಿಷ್ಟು ಔಷಧ ಇದ್ದವು. ಬಾಯಮ್ಮ ಅವನ್ನೆಲ್ಲ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ: "ನನ್ನ ಪಿಂಚಣಿ ಪುಸ್ತಕ ಇಲ್ಲದೆ ಇನ್ನು ದುಡ್ಡು ಕೊಡುವರೋ?"

ನಾವು ಉತ್ತರ ಹುಡುಕುತ್ತಿದ್ದಾಗಲೇ ಖಾಕಿ ಅಂಗಿಯ ಅಂಚೆಯಣ್ಣ ಕೊಡೆ ಮಡಚುತ್ತ ಜಗಲಿ ಏರಿದರು. ಅವರ ಬಟವಾಡೆಯ ದಾರಿಯ ಅರ್ಧದಷ್ಟು ಮನೆಗಳಿಗೆ ಈಗ ಹೋಗಲು ದಾರಿಯಿಲ್ಲ. ಆದ್ದರಿಂದ ಅವರು ಕೇಂದ್ರದಿಂದ ಕೇಂದ್ರಕ್ಕೆ ಜನರನ್ನೇ ಹುಡುಕಿಕೊಂಡು ತಿರುಗುತ್ತಿದ್ದರು.

"ಬಾಯಮ್ಮಾ, ನಿಮ್ಮನ್ನು ಮೂರು ಕಡೆ ಹುಡುಕಿದೆ. ಇಲ್ಲಿ ಹೆಬ್ಬೆಟ್ಟು ಒತ್ತಿ."

"ನನಗೆ ಸಹಿ ಬರುತ್ತದೆ ಮಗಾ. ಕನ್ನಡಕ ಮಾತ್ರ ಮಣ್ಣಿನಡಿಗೆ ಹೋಯಿತು."

ಕೆಲವು ನೂರು ರೂಪಾಯಿಗಳ ವಿಧವಾ ವೇತನ ಅದು. ಅದನ್ನು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿದ ಮೇಲೆಯೇ ಆ ಮುದುಕಿಯ ಮುಖದಲ್ಲಿ ಒಂದಿಷ್ಟು ಗೆಲುವು ಕಂಡಿತು. ನಾವು ತಂದ ಕಂಬಳಿಯು ಮಾಡಲಾರದ ಕೆಲಸವನ್ನು ಆ ಹಣ ಮಾಡಿತ್ತು. ತಾನು ಇನ್ನೂ ಒಂದು ಲೆಕ್ಕದಲ್ಲಿ ಇದ್ದೇನೆ, ಯಾರೋ ತನ್ನ ಹೆಸರು ಹಿಡಿದು ಹುಡುಕಿಕೊಂಡು ಬರುತ್ತಾರೆ ಎಂಬ ಭರವಸೆ ಅದು. ಈ ಲೇಖನವನ್ನು ಬರೆಯುವ ಹೊತ್ತಿಗೂ ನನ್ನ ಕಣ್ಣಮುಂದೆ ಇರುವುದು ಆ ಕೊಡೆ ಮತ್ತು ಆ ಚೀಲ.

ಆಟಿಯ ಮಳೆ ಮುಗಿಯುವ ಹೊತ್ತು

ಮಲೆನಾಡಿಗೂ ಕರಾವಳಿಗೂ ಮಳೆ ಹೊಸತಲ್ಲ. ನಮ್ಮ ಆಟಿ, ಕೊಡವರ ಕಕ್ಕಡ ಎಂದರೆ ಮಳೆಯ ತಿಂಗಳೇ. ನೇತ್ರಾವತಿಯ ದಂಡೆಯ ಬಂಟ್ವಾಳ, ಪಾಣೆಮಂಗಳೂರುಗಳ ಹಿರಿಯರು 1923ರ ಮತ್ತು 1974ರ ನೆರೆಗಳನ್ನು 'ಮಾರಿ ಬೊಳ್ಳ' ಎಂದು ಕರೆದು, ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಗೋಡೆ ತೋರಿಸಿ ಹೇಳುತ್ತಿದ್ದರು. ಆದರೆ ನೀರು ಏರಿದರೆ ಇಳಿಯುತ್ತದೆ. ಇಳಿದ ಮೇಲೆ ಕೆಸರು ಬಳಿದು, ಗೋಡೆ ತೊಳೆದು, ಅದೇ ಮನೆಗೆ ಮರಳಬಹುದು. ಗುಡ್ಡವೇ ಜರಿದರೆ ಮರಳಲು ಜಾಗವೇ ಇರುವುದಿಲ್ಲ. ನೆರೆಗೂ ಭೂಕುಸಿತಕ್ಕೂ ಇರುವ ಈ ವ್ಯತ್ಯಾಸವನ್ನು ಕೊಡಗಿನವರು 2018ರಲ್ಲಿ ಕಲಿತರು.

ಆ ವರ್ಷ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನವೂ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಕೂಡಿಬಂದ ದಿನ, ಮಳೆ ಬಿಡದೆ ಸುರಿಯುತ್ತಿತ್ತು. ಮರುದಿನದಿಂದ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ, ಮೊಣ್ಣಂಗೇರಿಗಳ ಬೆಟ್ಟಗಳು ಕಾಫಿ ಗಿಡ, ಏಲಕ್ಕಿ ಹಿಂಡು, ಮನೆ, ಕೊಟ್ಟಿಗೆಗಳ ಸಮೇತ ಕೆಳಗೆ ಹರಿದವು. ಸುಮಾರು ಇಪ್ಪತ್ತು ಮಂದಿ ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ಶಾಲೆ, ಸಮುದಾಯ ಭವನ, ದೇವಸ್ಥಾನ, ಮಸೀದಿ, ಚರ್ಚುಗಳ ಸಭಾಂಗಣಗಳನ್ನು ಸೇರಿದರು. ಜೋಡುಪಾಲದ ಕಡೆಯವರು ಘಾಟಿ ಇಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನತ್ತ ಬಂದರು. ತಿಂಗಳ ಹಿಂದೆ, ಜುಲೈ 9ರಂದು, ಅಲ್ಲಿ ಲಘು ಭೂಕಂಪವಾಗಿದ್ದುದರಿಂದ ಜನರ ಬಾಯಲ್ಲಿ ಅದೇ ಕಾರಣವೆಂಬ ಮಾತು ಹರಡಿತು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ನೂರಕ್ಕೂ ಹೆಚ್ಚು ಕುಸಿತಗಳನ್ನು ನಡೆದು ನೋಡಿ ಬೇರೆಯೇ ಮಾತನ್ನು ಹೇಳಿದರು: ಅತಿಯಾದ ಮಳೆಯ ಜೊತೆಗೆ, ರಸ್ತೆಗಾಗಿ, ಕಟ್ಟಡಕ್ಕಾಗಿ ಇಳಿಜಾರನ್ನು ಕಡಿದದ್ದು, ನೀರು ಹರಿಯುವ ಸಹಜ ದಾರಿಗಳನ್ನು ಕೆಡಿಸಿದ್ದು ಕುಸಿತಕ್ಕೆ ಕಾರಣ. ಈ ಮಾತು ಹಿತವಾಗಿರಲಿಲ್ಲ. ಮನೆಯ ಹಿಂದೆ ಬರೆ ಕಡಿದು ಅಂಗಳ ಮಾಡಿಕೊಳ್ಳದವರು ನಮ್ಮಲ್ಲಿ ಎಷ್ಟು ಮಂದಿ?

2019ರಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಮತ್ತೆ ಮಣ್ಣು ಜರಿಯಿತು. ತಲಕಾವೇರಿಯಲ್ಲಿ ಅರ್ಚಕರ ಮನೆಯೇ ಹೋಗಿ ಐವರು ಮಣ್ಣಿನಡಿ ಸೇರಿದರು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಗಂಗಾವಳಿ ನದಿಗೆ ಬಿದ್ದಾಗ, ನದಿಯ ಆಚೆ ದಡದ ಉಳುವರೆಯ ಮನೆಗಳನ್ನೂ ನೀರಿನ ಅಲೆ ಬಡಿಯಿತು. ನದಿಯ ತಳದಿಂದ ಲಾರಿಯೊಂದನ್ನು ಚಾಲಕನ ದೇಹದೊಡನೆ ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ 25 ಆಗಿತ್ತು.

ಪತ್ರಿಕೆಗಳಲ್ಲಿ ಚಿತ್ರ ಬಾರದವರು

ಇಂತಹ ದಿನಗಳಲ್ಲಿ ಸೇನೆಯ ಯೋಧರು, ವಿಪತ್ತು ಸ್ಪಂದನಾ ಪಡೆಯವರು ಹಗ್ಗ ಕಟ್ಟಿ ಜನರನ್ನು ದಾಟಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಬರಬೇಕಾದದ್ದೇ. ಆದರೆ ಯೋಧರು ವಾರ ಹತ್ತು ದಿನಗಳಲ್ಲಿ ಹಿಂದಿರುಗುತ್ತಾರೆ. ಅವರು ಹೋದ ಮೇಲೆ ಉಳಿಯುವವರು ಯಾರು? ಮುರಿದ ಕಂಬವನ್ನು ಹೆಗಲ ಮೇಲೆ ಹೊತ್ತು, ವಾಹನ ಹೋಗದ ಕಡೆ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ತಂತಿ ಎಳೆಯುವ ಲೈನ್‌ಮನ್. ಪರಿಹಾರ ಕೇಂದ್ರದಲ್ಲಿ ಬಸುರಿಯರ ಪಟ್ಟಿಯನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುವ ಆಶಾ ಕಾರ್ಯಕರ್ತೆ. ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿಯಿದೆಯೆಂದು ಬಲ್ಲ ದಾದಿ. ಬಿದ್ದ ಮನೆಯ ಮುಂದೆ ನಿಂತು, ಗೋಡೆ ಎಷ್ಟು, ಮಾಡು ಎಷ್ಟು ಎಂದು ಬರೆದುಕೊಳ್ಳುವ ಗ್ರಾಮಲೆಕ್ಕಿಗ. ಈ ಗ್ರಾಮಲೆಕ್ಕಿಗನ ಲೇಖನಿಯ ಒಂದು ಗೆರೆಯ ಮೇಲೆ ಕುಟುಂಬವೊಂದರ ಮುಂದಿನ ಐದು ವರ್ಷಗಳು ನಿಂತಿರುತ್ತವೆ. 'ಪೂರ್ಣ ಹಾನಿ' ಎಂದು ಬರೆದರೆ ಮನೆ ಸಿಗುತ್ತದೆ; 'ಭಾಗಶಃ ಹಾನಿ' ಎಂದರೆ ದುರಸ್ತಿಯ ಹಣ ಮಾತ್ರ. ಗೋಡೆ ನಿಂತಿದೆ, ಆದರೆ ಅದರ ಹಿಂದಿನ ಗುಡ್ಡ ಬಿರುಕು ಬಿಟ್ಟಿದೆ. ಅಂಥ ಮನೆಯನ್ನು ಯಾವ ಅಂಕಣದಲ್ಲಿ ಬರೆಯುವುದು? ನಮೂನೆಯನ್ನು ತಯಾರಿಸಿದವರಿಗೆ ಆ ಯೋಚನೆ ಬಂದಿರಲಿಲ್ಲವೆಂದು ತೋರುತ್ತದೆ.

ಮೇಲಿನ ಹಂತದಲ್ಲಿಯೂ ದುಡಿದವರಿದ್ದರು. ಅಂದಿನ ಜಿಲ್ಲಾಧಿಕಾರಿ ಪಿ. ಐ. ಶ್ರೀವಿದ್ಯಾ ಅವರನ್ನು ಕೊಡಗಿನ ಜನ ಇಂದಿಗೂ ನೆನೆಯುತ್ತಾರೆ. ಸರ್ಕಾರ ಮನೆ ಕಳೆದುಕೊಂಡ ಕುಟುಂಬಗಳಿಗೆ ಹೊಸ ಮನೆ ಸಿಗುವವರೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ನೀಡುವುದಾಗಿ ಹೇಳಿತು. ಸರ್ಕಾರಿ ಯಂತ್ರವನ್ನು ತೆಗಳುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಅದಕ್ಕೆ ಕಾರಣಗಳೂ ಇವೆ, ಅವನ್ನು ಮುಂದೆ ಹೇಳುತ್ತೇನೆ. ಆದರೆ ಆ ಯಂತ್ರ ಚಲಿಸಿದಾಗ ಅದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲವೆಂಬುದನ್ನು ಆ ಜಗಲಿಯಲ್ಲಿ ಕಂಡೆ.

ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ

ಪಿಂಚಣಿ ಬಂತು. ಆದರೆ ಮನೆಗಾಗಿ, ಪರಿಹಾರಕ್ಕಾಗಿ ಬಾಯಮ್ಮನ ಬಳಿ ಕೇಳಿದ ಕಾಗದಗಳ ಪಟ್ಟಿ ಉದ್ದವಾಗಿತ್ತು. ಪಡಿತರ ಚೀಟಿ, ಆಧಾರ್, ಮತದಾರರ ಗುರುತಿನ ಚೀಟಿ, ಮನೆ ಕಂದಾಯದ ರಸೀದಿ, ಗಂಡನ ಮರಣ ಪತ್ರ, ತಾನು ಅವರ ಹೆಂಡತಿಯೆಂಬುದಕ್ಕೆ ಆಧಾರ. ಇವೆಲ್ಲವೂ ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಡಬ್ಬ ಗುಡ್ಡದ ಅಡಿಯಲ್ಲಿತ್ತು. ಆಧಾರ್ ಮರಳಿ ಪಡೆಯಲು ಬೆರಳು ಒತ್ತಿದರೆ ಸಾಕೆಂದರು. ಐವತ್ತು ವರ್ಷ ಕಾಫಿ ಕೊಯ್ದ ಬೆರಳುಗಳಲ್ಲಿ ಗೆರೆಗಳೇ ಸವೆದುಹೋಗಿದ್ದವು, ಯಂತ್ರ ಒಪ್ಪಲಿಲ್ಲ. ಕಚೇರಿಯೊಂದರಲ್ಲಿ ಕುಳಿತವರು, "ಮೂಲ ಪ್ರತಿ ತನ್ನಿ" ಎಂದರು. ಮೂಲ ಪ್ರತಿ ಇರುವ ಜಾಗವನ್ನು ಕಿಟಕಿಯಿಂದಲೇ ತೋರಿಸಬಹುದಾಗಿತ್ತು, ಮಂಜು ಕವಿದಿತ್ತು.

ಆಗ ನೆರವಿಗೆ ಬಂದದ್ದು ನಾವಾರೂ ನಿರೀಕ್ಷಿಸದ ಒಂದು ಪುಸ್ತಕ. ಬಾಯಮ್ಮ ಹುಟ್ಟಿದ್ದು ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ. ಅಲ್ಲಿಯ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಅವರ ಹುಟ್ಟಿದ ದಿನ, ತಂದೆ ತಾಯಿಯರ ಹೆಸರು, ಜ್ಞಾನಪಿತೃಗಳ ಹೆಸರು ಎಲ್ಲವೂ ಇದ್ದವು. ಅದಕ್ಕಿಂತ ಮುಖ್ಯವಾಗಿ, ಪುಟದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ, ಅವರ ಮದುವೆ ಯಾವ ದಿನ, ಯಾವ ಚರ್ಚಿನಲ್ಲಿ, ಯಾರೊಡನೆ ನಡೆಯಿತೆಂದು ಬರೆದಿತ್ತು. ಓದುಗರಲ್ಲಿ ಅನೇಕರಿಗೆ ಇದು ತಿಳಿದಿರಲಿಕ್ಕಿಲ್ಲ: ಧರ್ಮಸಭೆಯ ನಿಯಮದಂತೆ ಮದುವೆಯಾದ ಊರಿನ ಗುರುಗಳು ಆ ಸಂಗತಿಯನ್ನು ಜ್ಞಾನಸ್ನಾನ ಪಡೆದ ಊರಿಗೆ ತಿಳಿಸಬೇಕು; ಅಲ್ಲಿ ಅದನ್ನು ಅಂಚಿನಲ್ಲಿ ದಾಖಲಿಸಬೇಕು. ಎರಡನೆಯ ಮದುವೆ ಕದ್ದು ನಡೆಯದಿರಲೆಂದು ಮಾಡಿದ ಈ ಏರ್ಪಾಡು, ಮನೆಯನ್ನೇ ಕಳೆದುಕೊಂಡ ವಿಧವೆಯೊಬ್ಬಳ ಗುರುತನ್ನು ಉಳಿಸಿತು. ಗುರುಗಳು ಬರೆದುಕೊಟ್ಟ ನಕಲು, ಅದರೊಡನೆ ಒಂದು ಪ್ರಮಾಣಪತ್ರ, ಪಂಚಾಯತಿಯ ಸದಸ್ಯರ ಸಾಕ್ಷಿ, ಇವುಗಳಿಂದ ಒಂದೊಂದೇ ಕಾಗದ ಹುಟ್ಟಿತು. ಎಂಟು ತಿಂಗಳು ಹಿಡಿಯಿತು.

ಅಂದಿನಿಂದ ನಾನು ಯಾವ ಚರ್ಚಿಗೆ ಹೋದರೂ ಕಚೇರಿಯ ಕಪಾಟನ್ನು ಒಮ್ಮೆ ನೋಡುತ್ತೇನೆ. ಹಲವೆಡೆ ಈ ಪುಸ್ತಕಗಳು ನೆಲಕ್ಕೆ ತಾಗಿದ ಕೆಳಗಿನ ಅಂತಸ್ತಿನಲ್ಲಿ, ಗೆದ್ದಲಿಗೂ ತೇವಕ್ಕೂ ಒಡ್ಡಿಕೊಂಡು ಕುಳಿತಿವೆ. ನದಿದಂಡೆಯ ಚರ್ಚುಗಳಲ್ಲೂ ಹಾಗೆಯೇ. ಚರ್ಚಿನ ಮುಖಮಂಟಪಕ್ಕೆ ಹೊಸ ಕಲ್ಲು ಹಾಸಲು ಚಂದಾ ಎತ್ತುವ ನಾವು, ಈ ಪುಟಗಳ ಛಾಯಾಪ್ರತಿ ತೆಗೆಸಿ ಇನ್ನೊಂದು ಊರಿನಲ್ಲಿ ಇಡಿಸಲು ಎಷ್ಟು ಖರ್ಚಾದೀತೆಂದು ಕೇಳಿದ್ದೇವೆಯೆ?

ಕಾಗದವೇ ಇಲ್ಲದವರ ಮಾತು

ಬಾಯಮ್ಮನ ಕಾಗದ ಕಳೆದಿತ್ತು, ಅಷ್ಟೆ. ಮೊದಲಿನಿಂದಲೂ ಕಾಗದವೇ ಇಲ್ಲದವರ ಪಾಡು ಬೇರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವ ಕಾರ್ಮಿಕರಿಗೆ ಆ ಮನೆ ತಮ್ಮದಲ್ಲ. ಅದು ಕುಸಿದರೆ ಹಾನಿಯಾದದ್ದು ಮಾಲೀಕರಿಗೆ. ಪೈಸಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಹಕ್ಕುಪತ್ರವಿಲ್ಲ. ಆ ಜಾಗಗಳಾದರೂ ಎಲ್ಲಿವೆ? ಸಮತಟ್ಟಾದ ನೆಲ ಉಳ್ಳವರ ಪಾಲಾದ ಮೇಲೆ ಉಳಿದ ಕಡಿದಾದ ಇಳಿಜಾರಿನಲ್ಲಿ, ಹೊಳೆಯ ದಂಡೆಯಲ್ಲಿ. 2019ರಲ್ಲಿ ಕಾವೇರಿ ಉಕ್ಕಿದಾಗ ನೆಲ್ಲಿಹುದಿಕೇರಿಯ ಹೊಳೆ ದಡದ ಮನೆಗಳು ಹೋದದ್ದು ಇದೇ ಕಾರಣದಿಂದ.

ಉಳ್ಳವರಿಗೂ ತೊಡಕುಗಳಿದ್ದವು. ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಒಕ್ಕದ ಹಿರಿಯ ಪಟ್ಟೇದಾರನ ಹೆಸರಿರುತ್ತದೆ. ತೀರಿಹೋಗಿ ದಶಕಗಳಾದವರ ಹೆಸರೂ ಉಂಟು. ಸಾಗುವಳಿ ಮಾಡಿ, ಬೆಳೆ ಕಳೆದುಕೊಂಡವನ ಹೆಸರು ಅಲ್ಲಿಲ್ಲದಿದ್ದರೆ ಪರಿಹಾರ ಯಾರ ಖಾತೆಗೆ? ಅಣ್ಣತಮ್ಮಂದಿರೆಲ್ಲ ಒಪ್ಪಿ ಸಹಿ ಹಾಕಬೇಕು. ಗುಡ್ಡ ಜರಿದ ಊರಿನಲ್ಲಿ ಹಳೆಯ ವ್ಯಾಜ್ಯಗಳೂ ಜರಿದು ಹೊರಬಂದವು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯದೆ ಮುಂದೆ ಹೋಗಲಾರೆ. ಟಿಪ್ಪುವಿನ ಸೆರೆಯಿಂದ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿಯ ಸಂತ ಅನ್ನಮ್ಮನವರ ಚರ್ಚಿನ ಇತಿಹಾಸ 1792ರಿಂದ ಆರಂಭವಾಗುವುದು ಹೀಗೆ. ಅಂದು ಆ ನಿರಾಶ್ರಿತರ ಕೈಯಲ್ಲಿ ಯಾವ ಕಾಗದ ಇದ್ದೀತು? ಅರಸ ಕೇಳಲಿಲ್ಲ. ಲೈನ್ ಮನೆಯವರ ಅರ್ಜಿಯ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮನೆ ಸಿಕ್ಕಿತು, ಬಸ್ಸು ಸಿಗಲಿಲ್ಲ

ಕರ್ಣಂಗೇರಿ, ಮದೆನಾಡು, ಜಂಬೂರು ಮೊದಲಾದ ಕಡೆ ಹೊಸ ಬಡಾವಣೆಗಳು ಎದ್ದವು. ಮನೆಯೊಂದಕ್ಕೆ 9.85 ಲಕ್ಷ ರೂಪಾಯಿ ವೆಚ್ಚ, ಎರಡು ಮಲಗುವ ಕೋಣೆ, ಅಡುಗೆಮನೆ, ಶೌಚಾಲಯ. ಇನ್ಫೋಸಿಸ್ ಪ್ರತಿಷ್ಠಾನದಂತಹ ಸಂಸ್ಥೆಗಳೂ ಕೈಜೋಡಿಸಿದವು. ಮದೆನಾಡು, ಜಂಬೂರಿನ ಮನೆಗಳನ್ನು ಹಸ್ತಾಂತರಿಸಿದ್ದು 2020ರ ಜೂನಿನಲ್ಲಿ, ಕೊರೊನಾದ ಗದ್ದಲದ ನಡುವೆ. ಮಳೆಗೆ ಮನೆ ಹೋದವರು ಮನೆ ಸೇರುವಾಗ ಎರಡು ಮಳೆಗಾಲ ತುಂಬಿ ಮೂರನೆಯದು ಆರಂಭವಾಗಿತ್ತು. ಇದನ್ನು ತಡವೆನ್ನಬೇಕೋ ಬೇಗವೆನ್ನಬೇಕೋ ತಿಳಿಯದು. ನಮ್ಮ ದೇಶದ ಪುನರ್ವಸತಿಯ ಚರಿತ್ರೆಯನ್ನು ಬಲ್ಲವರು ಬೇಗವೆಂದೇ ಹೇಳುವರು. ಬಾಡಿಗೆ ಕೋಣೆಯಲ್ಲಿ ಕುಳಿತು ಕಾದವರು ಒಪ್ಪಲಾರರು.

ಬಾಯಮ್ಮನಿಗೂ ಅಂಥ ಒಂದು ಬಡಾವಣೆಯಲ್ಲಿ ಮನೆ ಸಿಕ್ಕಿತು. ಗಟ್ಟಿಯಾದ ಮನೆ. ಮೊದಲ ಸಲ ಹೋದಾಗ ಅವರು ಗೋಡೆಯನ್ನು ಬಡಿದು ತೋರಿಸಿದರು. ಆದರೆ ಸಾಲು ಮನೆಗಳ ನಡುವೆ ಒಂದು ಬಾಳೆ ನೆಡಲು, ಕೋಳಿ ಬಿಡಲು ಜಾಗವಿಲ್ಲ. ಪಕ್ಕದ ಮನೆಯವರು ಬೇರೆ ಊರಿನವರು. ಹಳೆಯ ನೆರೆಯವರು ಇನ್ನೊಂದು ಬಡಾವಣೆಗೆ ಹಂಚಿಹೋಗಿದ್ದರು. ಅಳಿದುಳಿದ ಕಾಲು ಎಕರೆ ಕಾಫಿ ಹಳೆಯ ಊರಿನಲ್ಲಿ, ಮನೆ ಇಲ್ಲಿ. ಬೆಳಿಗ್ಗೆ ಒಂದು ಬಸ್ಸು ಇದ್ದರೆ ಕೊಯ್ಲಿಗೆ ಹೋಗಿ ಸಂಜೆ ಮರಳಬಹುದು, ಬಸ್ಸು ಇರಲಿಲ್ಲ. ಆಟೋದವನಿಗೆ ಕೊಟ್ಟರೆ ಕೂಲಿಯ ಅರ್ಧ ಹೋಗುತ್ತದೆ. ಪಡಿತರದ ಅಂಗಡಿ ಹಳೆಯ ಊರಿನದೇ ನಮೂದಾಗಿತ್ತು. ಅಂಗನವಾಡಿಯ ಕಟ್ಟಡವಿತ್ತು, ಕಾರ್ಯಕರ್ತೆಯ ನೇಮಕವಾಗಿರಲಿಲ್ಲ. ನೀರಿನ ಪಂಪು ಕೆಟ್ಟಾಗ ಅದನ್ನು ಸರಿಪಡಿಸಬೇಕಾದವರು ಪಂಚಾಯತಿಯವರೋ ಮನೆ ಕಟ್ಟಿದವರೋ ಎಂಬ ಚರ್ಚೆ ಬಹಳ ದಿನ ನಡೆಯಿತು.

ಮನೆಯ ಉದ್ಘಾಟನೆಗೆ ರಿಬ್ಬನ್ ಉಂಟು. ಬಸ್ಸಿನ ವೇಳಾಪಟ್ಟಿ ಬದಲಾದದ್ದಕ್ಕೆ ಯಾವ ಸಮಾರಂಭವೂ ಇಲ್ಲ. ಇವೆಲ್ಲ ಒಂದೊಂದಾಗಿ ಸರಿಯಾದವು, ಸರಿಪಡಿಸಿದ್ದು ಮುಖ್ಯವಾಗಿ ಆ ಬಡಾವಣೆಯ ಹೆಂಗಸರು. ತಮ್ಮ ಸ್ವಸಹಾಯ ಸಂಘದ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಪ್ರತಿ ಗ್ರಾಮಸಭೆಗೆ ಗುಂಪಾಗಿ ಹೋದರು. ಬಸ್ಸಿಗಾಗಿ ಅವರು ಹೋದದ್ದು ಏಳು ಸಲ.

ಗಡಿಯಾಚೆಯ ಬೆಟ್ಟ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದ ಸುದ್ದಿ ಬಂದಾಗ ಬಾಯಮ್ಮ ದೂರದರ್ಶನದ ಮುಂದಿನಿಂದ ಏಳಲಿಲ್ಲವಂತೆ. ಸುಮಾರು 300 ಮಂದಿ ಅಲ್ಲಿ ಸತ್ತರು. ಚಾಮರಾಜನಗರ, ಮಂಡ್ಯ ಜಿಲ್ಲೆಗಳಿಂದ ದುಡಿಮೆಗಾಗಿ ಹೋಗಿ ನೆಲೆಸಿದ್ದ ಕುಟುಂಬಗಳ ಜೀವಗಳೂ ಅದರಲ್ಲಿ ಸೇರಿದ್ದವು. ಐದು ವರ್ಷಗಳ ಹಿಂದೆ, 2019ರ ಆಗಸ್ಟ್ 8ರಂದು, ಕೆಲವೇ ಕಿಲೋಮೀಟರ್ ದೂರದ ಪುತ್ತುಮಲೆಯಲ್ಲಿ ಗುಡ್ಡ ಕುಸಿದು 17 ಮಂದಿ ಸತ್ತಿದ್ದರು.

ಕೊಡಗಿನಲ್ಲಿ ಕಂಡದ್ದೆಲ್ಲ ಅಲ್ಲಿ ಇಮ್ಮಡಿಯಾಗಿ ಕಂಡಿತು, ಒಳ್ಳೆಯದೂ ಕೆಟ್ಟದ್ದೂ. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು, ಮೇಜರ್ ಸೀತಾ ಶೆಲ್ಕೆ ಅವರೂ ಇದ್ದ ತಂಡ, ಮುರಿದ ಸೇತುವೆಯ ಜಾಗದಲ್ಲಿ 190 ಅಡಿ ಉದ್ದದ, 24 ಟನ್ ಭಾರ ಹೊರುವ ಉಕ್ಕಿನ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಕಟ್ಟಿ ಮುಗಿಸಿತು. ಮಸೀದಿ ಮತ್ತು ಮದರಸಾದಲ್ಲಿ ತಾತ್ಕಾಲಿಕ ಆಸ್ಪತ್ರೆ ತೆರೆಯಿತು. ಸೆಪ್ಟೆಂಬರ್ 2ರಂದು ವೆಳ್ಳಾರ್‌ಮಲೆ ಮತ್ತು ಮುಂಡಕ್ಕೈ ಶಾಲೆಗಳ ಮಕ್ಕಳಿಗೆ ಮೇಪ್ಪಾಡಿಯಲ್ಲಿ ಪ್ರವೇಶೋತ್ಸವ ನಡೆಸಿ ತರಗತಿ ಆರಂಭಿಸಿದರು. ಶಾಲೆಯ ಗಂಟೆ ಮತ್ತೆ ಬಾರಿಸಿದ ದಿನವೇ ಊರಿಗೆ ಅರ್ಧ ಜೀವ ಬರುವುದೆಂದು ಅಧ್ಯಾಪಕನಾಗಿದ್ದ ನಾನು ನಂಬುತ್ತೇನೆ.

ಇನ್ನೊಂದು ಕಡೆ, ಸರ್ಕಾರ ತುರ್ತಾಗಿ ಖಾತೆಗೆ ಹಾಕಿದ 10,000 ರೂಪಾಯಿಯಿಂದ ಬ್ಯಾಂಕೊಂದು ಸಾಲದ ಕಂತನ್ನು ಮುರಿದುಕೊಂಡಿತು. ಮುರಿದುಕೊಂಡದ್ದು ಮನುಷ್ಯನಲ್ಲ, ತಿಂಗಳ ತಾರೀಕು ನೋಡಿ ಕೆಲಸ ಮಾಡುವ ಯಂತ್ರ. ಅದಕ್ಕೆ ಗುಡ್ಡ ಜರಿದದ್ದು ಗೊತ್ತಿರಲಿಲ್ಲ. ಪ್ರತಿಭಟನೆ ನಡೆದ ಮೇಲೆ ಹಣ ಹಿಂದಿರುಗಿತು. ಅಂಚೆಯಣ್ಣ ಮೂರು ಕೇಂದ್ರಗಳಲ್ಲಿ ಹುಡುಕಿ ಕೈಗೆ ಕೊಟ್ಟ ಆ ಕೆಲವು ನೂರು ರೂಪಾಯಿ ಆಗ ನನಗೆ ಮತ್ತೆ ನೆನಪಾಯಿತು.

ಸತ್ತವರ ವಿಷಯದಲ್ಲಿ ಕೇರಳ ಸರ್ಕಾರ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಬೇಕು. ದೇಹ ಸಿಗದವರನ್ನು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಳೆಯುವವರೆಗೆ ಸತ್ತವರೆಂದು ಭಾವಿಸುವುದಿಲ್ಲ. ಅಲ್ಲಿಯವರೆಗೆ ಮರಣ ಪತ್ರವಿಲ್ಲ. ಅದಿಲ್ಲದೆ ಪರಿಹಾರವಿಲ್ಲ, ವಿಮೆಯಿಲ್ಲ, ಆಸ್ತಿಯ ವರ್ಗಾವಣೆಯಿಲ್ಲ. ವಯನಾಡಿನಲ್ಲಿ ಕಾಣೆಯಾದ 32 ಮಂದಿಯನ್ನು ಮೃತರೆಂದು ಪರಿಗಣಿಸಲು 2025ರ ಜನವರಿಯಲ್ಲಿ, ಆರು ತಿಂಗಳೊಳಗೆ, ಆದೇಶ ಹೊರಟಿತು. ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಪುತ್ತುಮಲೆಯ ನೆಲದಲ್ಲಿ, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಹೂಳಿದ್ದರು. ಮಣ್ಣು ಮಾಡುವ ಮೊದಲು ಪ್ರತಿಯೊಂದಕ್ಕೂ ಹಿಂದೂ, ಮುಸ್ಲಿಂ, ಕ್ರೈಸ್ತ ಪ್ರಾರ್ಥನೆಗಳು ನಡೆದವು. ಯಾರು ಯಾವ ಧರ್ಮದವರೋ ತಿಳಿಯದ್ದರಿಂದ ಎಲ್ಲರಿಗೂ ಎಲ್ಲ ಪ್ರಾರ್ಥನೆ. ಬಳಿಕ ರಕ್ತಸಂಬಂಧಿಗಳ ಡಿಎನ್‌ಎ ಪರೀಕ್ಷೆಯಿಂದ ಗುರುತು ಸಿಕ್ಕಂತೆ ಸಂಖ್ಯೆಗಳ ಜಾಗದಲ್ಲಿ ಹೆಸರು ಬಂದವು. ಕೆಲವರ ಮನೆಯವರು ಬಂದು ದೇಹವನ್ನು ತಮ್ಮ ಧರ್ಮದ ಸ್ಮಶಾನಕ್ಕೆ ಒಯ್ಯಲಿಲ್ಲ. ಜೊತೆಗೆ ಸತ್ತವರ ಜೊತೆಯಲ್ಲೇ ಇರಲಿ ಎಂದು ಬಿಟ್ಟರೆಂದು ಅಲ್ಲಿಗೆ ಹೋಗಿಬಂದ ಗೆಳೆಯರೊಬ್ಬರು ಹೇಳಿದರು.

ಕಲ್ಪೆಟ್ಟದ ಎಲ್ಸ್ಟನ್ ತೋಟದಲ್ಲಿ 2025ರ ಮಾರ್ಚ್ 27ರಂದು ಹೊಸ ನಗರಕ್ಕೆ ಅಡಿಗಲ್ಲು ಬಿತ್ತು. ಕುಟುಂಬಕ್ಕೆ ಏಳು ಸೆಂಟ್ಸ್ ಜಾಗ, 1000 ಚದರ ಅಡಿಯ ಮನೆ. ಕರ್ನಾಟಕ ಸರ್ಕಾರವೂ 100 ಮನೆಗಳ ನೆರವನ್ನು ಘೋಷಿಸಿತ್ತು. ಬಸ್ಸಿನ ಬಗೆಗೆ ಅಲ್ಲಿಯವರು ಮೊದಲೇ ಕೇಳಿಕೊಳ್ಳಲೆಂದು ಬಾಯಮ್ಮ ಸಲಹೆ ಕೊಟ್ಟಿದ್ದಾರೆ.

ನಮ್ಮ ಮೂಟೆಗಳು

ನಮ್ಮ ಸಮುದಾಯದ ಔದಾರ್ಯದ ಬಗೆಗೂ ಒಂದು ಮಾತು. 2018ರಲ್ಲಿ ಮೊಂತಿ ಹಬ್ಬದ ಸಡಗರವನ್ನು ಕಡಿಮೆ ಮಾಡಿ ಕೊಡಗಿಗೂ ಕೇರಳಕ್ಕೂ ಹಣ ಕಳುಹಿಸಿದ ಕುಟುಂಬಗಳನ್ನು ನಾನು ಬಲ್ಲೆ. ಅದೇ ಆಗಸ್ಟಿನಲ್ಲಿ ಕೇರಳದ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿ ಚೆಂಗನ್ನೂರಿನಂತಹ ಒಳನಾಡಿಗೆ ಹೋಗಿ ಮುಳುಗಿದ ಮನೆಗಳ ಮಾಳಿಗೆಗಳಿಂದ ಜನರನ್ನು ಇಳಿಸಿದರು. ಸರ್ಕಾರದ ಲೆಕ್ಕದಂತೆ 669 ದೋಣಿಗಳು, 4,537 ಮೀನುಗಾರರು. ಅವರಲ್ಲಿ ದೊಡ್ಡ ಪಾಲು ತಿರುವನಂತಪುರ, ಕೊಲ್ಲಂ ಕಡೆಯ ಲ್ಯಾಟಿನ್ ಕಥೋಲಿಕರು. ಕೇವಲ ಒಂಬತ್ತು ತಿಂಗಳ ಹಿಂದೆ, 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತದಲ್ಲಿ, ತಮ್ಮವರನ್ನು ಹುಡುಕಲು ನೆರವು ತಡವಾಗಿ ಬಂತೆಂದು ದಡದಲ್ಲಿ ನಿಂತು ಅತ್ತವರು ಇವರೇ.

ಆದರೆ ಮಡಿಕೇರಿಯ ಆ ಪರಿಹಾರ ಕೇಂದ್ರದ ಹಿಂಭಾಗದಲ್ಲಿ ನಾನು ಹಳೆಯ ಬಟ್ಟೆಗಳ ಒಂದು ರಾಶಿಯನ್ನೂ ಕಂಡೆ. ಹರಿದ ಅಂಗಿ, ಜರಿ ಕಿತ್ತ ಮದುವೆಯ ಸೀರೆ, ಜೊತೆಯಿಲ್ಲದ ಚಪ್ಪಲಿ. ಮಳೆಗೆ ನೆನೆದು ನಾರುತ್ತಿತ್ತು. ಅದನ್ನು ವಿಂಗಡಿಸಲು ಇಬ್ಬರು ಸ್ವಯಂಸೇವಕರು ಇಡೀ ದಿನ ತೊಡಗಿದ್ದರು. ಮೂಟೆಯೊಂದರ ಮೇಲೆ ನನಗೆ ಚೆನ್ನಾಗಿ ಪರಿಚಯವಿರುವ ಸಂಘದ ಹೆಸರಿನ ಚೀಟಿ ಅಂಟಿತ್ತು. ಅದೇ ಹೊತ್ತಿನಲ್ಲಿ ಕೇಂದ್ರದಲ್ಲಿ ಬೇಕಾಗಿದ್ದದ್ದು ಅರ್ಜಿ ಬರೆದುಕೊಡುವ ಇಬ್ಬರು, ಕಚೇರಿಗೆ ಜೊತೆಯಲ್ಲಿ ಹೋಗುವ ಒಬ್ಬರು, ಮುದುಕರ ಕನ್ನಡಕದ ನಂಬರು ನೋಡುವ ಒಬ್ಬರು. ನಿವೃತ್ತ ಗುಮಾಸ್ತರು, ಅಧ್ಯಾಪಕರು, ಬ್ಯಾಂಕಿನವರು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಬಾಯಮ್ಮನಿಗೆ ಕನ್ನಡಕ ದೊರೆತದ್ದು ಎರಡು ತಿಂಗಳ ಮೇಲೆ.

ಕಳೆದ ಮೇ ತಿಂಗಳಲ್ಲಿ ಅವರನ್ನು ನೋಡಲು ಹೋಗಿದ್ದೆ. ಬೆಳಗಿನ ಬಸ್ಸು ಈಗ ಬರುತ್ತದೆ. ಪಿಂಚಣಿ ನೇರವಾಗಿ ಖಾತೆಗೆ ಬೀಳುವುದರಿಂದ ಅಂಚೆಯಣ್ಣ ಅದಕ್ಕಾಗಿ ಬರುವುದಿಲ್ಲ. ಹಬ್ಬಕ್ಕೆ ಮಾತ್ರ ಬಂದು ಕುಸ್ವಾರ್ ತಿಂದು ಹೋಗುತ್ತಾರೆ. ಬಾಗಿಲ ಪಕ್ಕದ ಮೊಳೆಯಲ್ಲಿ ಎಣ್ಣೆಬಟ್ಟೆಯ ಒಂದು ಚೀಲ ತೂಗುತ್ತಿತ್ತು. ಏನದು ಎಂದು ಕೇಳಿದೆ. ಕೆಳಗಿಳಿಸಿ ಒಂದೊಂದಾಗಿ ತೋರಿಸಿದರು: ಪಡಿತರ ಚೀಟಿ, ಹಕ್ಕುಪತ್ರ, ಗಂಡನ ಮರಣ ಪತ್ರ, ಎಲ್ಲಕ್ಕಿಂತ ಕೆಳಗೆ ಜ್ಞಾನಸ್ನಾನದ ನಕಲು. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಬಿಸಿಲಿಗಿಟ್ಟು, ಎಣಿಸಿ, ಮತ್ತೆ ಅಲ್ಲಿಗೇ ತೂಗುಹಾಕುತ್ತಾರಂತೆ.

"ಕಪಾಟಿನೊಳಗೆ ಇಡಬಾರದೆ, ಬಾಯಮ್ಮ?" ಎಂದೆ.

"ಓಡುವಾಗ ಕೈಗೆ ಸಿಗಬೇಕಲ್ಲ ಮಗಾ" ಎಂದರು.